ರಕ್ತದ ಮುಯ್ಯಿ

ಆಸ್ಪತ್ರೆಯಲ್ಲಿ ರೋಗಿಗಳಿಗೆ ರಕ್ತ ಏರಿಸುವ ವಿಷಯದ ತರಬೇತಿಯ ಕೊನೆಯ ದಿನ ಒಂದು ಸಣ್ಣ ನಾಟಕ ಆಡಿಸಿದರು. ಸಿಸ್ಟರ್ ರಮ್ಯಾ ಸಿಸ್ಟರಾಗಿಯೇ ನಟಿಸಬೇಕು, ಲ್ಯಾಬಿನ ಗಫಾರ್ ರೋಗಿಯ ಕಡೆಯವನು. "ನಮ್ಮ ಹೆಂಗಸಿಗೆ ಎರಡು ಬಾಟಲಿ ರಕ್ತ ಹಾಕಿ" ಎಂದು ಗಫಾರ್ ಕೇಳಿದ. ಅಗತ್ಯವಿಲ್ಲದೆ ರಕ್ತ ಕೊಟ್ಟರೆ ಏನೇನು ತೊಂದರೆಯಾಗಬಹುದು, ಬದಲಿಗೆ ಏನು ಕೊಡಬಹುದು ಎಂದು ರಮ್ಯಾ ವಿವರಿಸಿದಳು. "ಸರಿ ಸಿಸ್ಟರ್, ಅರ್ಥವಾಯಿತು" ಎಂದು ಗಫಾರ್ ತಲೆಯಾಡಿಸಿದ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಚಪ್ಪಾಳೆ ತಟ್ಟಿದರು. ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ನೆಂಟರನ್ನು ರಾಮನಗರದಲ್ಲಿ ರಮ್ಯಾ ಈವರೆಗೆ ಕಂಡಿರಲಿಲ್ಲ. ಆದರೂ ಸರ್ಟಿಫಿಕೇಟು ಕೊಟ್ಟರು, ತೆಗೆದುಕೊಂಡಳು.

ಮರುವಾರವೇ ಕೂಟಗಲ್ಲಿನ ಮರಿಯಪ್ಪ ಟೆಂಪೊ ತುಂಬ ಜನರನ್ನು ಹೇರಿಕೊಂಡು ಆಸ್ಪತ್ರೆಗೆ ಬಂದ.

"ಸಿಸ್ಟರಮ್ಮ, ರಕ್ತ ಎಲ್ಲಿ ತಗೀತೀರಿ ಹೇಳಿ. ಹುಡುಗ್ರು ರೆಡಿ ಅವ್ರೆ. ಎಲ್ರುಗೂ ತಟ್ಟೆ ಇಡ್ಲಿ ತಿನ್ನಿಸ್ಕೊಂಡೇ ಕರ್ಕೊಂಡ್ ಬಂದಿವ್ನಿ."

"ಯಾರಿಗೆ ರಕ್ತ?"

"ಇನ್ಯಾರ್ಗೆ? ಸಾಬಿರಕ್ಕಂಗೆ. ನಮ್ ಮೆಹಬೂಬ್ ಭಾಯ್ ಮನೆಯವ್ರು."

ಸಾಬಿರಾ ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ ಕುಳಿತಿದ್ದಳು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳುಗಟ್ಟಲೆ ರಕ್ತಸ್ರಾವ. ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿತ್ತು. ಮೊದಲಾಗಿದ್ದರೆ ಎರಡು ಬಾಟಲಿ ರಕ್ತ ಏರಿಸಿ ಆಪರೇಷನ್ ಮುಗಿಸಿಬಿಡುತ್ತಿದ್ದರು. ಆದರೆ ಡಾಕ್ಟರ್ ಹಿನಾ ಕೂಡ ಅದೇ ತರಬೇತಿಯಲ್ಲಿ ಕುಳಿತಿದ್ದವರು. ಈಗ ಸ್ರಾವ ನಿಲ್ಲಿಸಲು ಮಾತ್ರೆ, ಕಬ್ಬಿಣಾಂಶದ ಡ್ರಿಪ್ಪು, ತಿಂಗಳು ಬಿಟ್ಟು ಆಪರೇಷನ್ ಎಂದು ಅವರು ತೀರ್ಮಾನಿಸಿದ್ದರು.

ಇದನ್ನು ಕೇಳಿ ಮರಿಯಪ್ಪನಿಗೆ ಕೋಪ ಬಂತು.

"ರಕ್ತ ಕಮ್ಮಿ ಐತೆ ಅಂತೀರಿ, ರಕ್ತ ಬ್ಯಾಡ ಅಂತೀರಿ. ತೊಟ್ಟೀಲಿ ನೀರು ಕಮ್ಮಿ ಆದ್ರೆ ನೀರು ಬುಡ್ತಾರಾ, ಕಬ್ಬಿಣ ಹಾಕ್ತಾರಾ?"

ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ರಮ್ಯಾ ತಾನೇ ಹುಡುಕಿಕೊಂಡಳು.

"ಬೋರಲ್ಲಿ ನೀರಿದ್ದು ಮೋಟ್ರು ಕೆಟ್ಟಿದ್ರೆ ಏನ್ ಮಾಡ್ತೀರ ಮರಿಯಪ್ಪಣ್ಣ? ದಿನಾ ಟ್ಯಾಂಕರ್ ತರಿಸ್ತೀರಾ, ಮೋಟ್ರು ರಿಪೇರಿ ಮಾಡಿಸ್ತೀರಾ?"

ಮರಿಯಪ್ಪ ತಲೆ ಕೆರೆದುಕೊಂಡ. "ಅದೇನೋ ಸರಿ ಕಣವ್ವ. ಆದ್ರೆ ನಾನು ಟ್ಯಾಂಕರ್ ತಂದ್ಬುಟ್ಟಿವ್ನಲ್ಲ!"

ಹೆಂಡತಿಯ ಮಂಚದ ಪಕ್ಕ ನಿಂತಿದ್ದ ಮೆಹಬೂಬ್ ಮೀಸೆಯಡಿ ನಕ್ಕ. "ಹೋಗ್ಲಿ ಬುಡು ಮರಿಯಣ್ಣ. ಕೊಡದೇ ಇದ್ರೂ ಪರ್ವಾಗಿಲ್ಲ. ನಾನೇನ್ ಕೇಳಿದ್ನಾ?"

"ನೋಡಿ ಸಿಸ್ಟರಮ್ಮ, ಆ ನಗೆ ನೋಡಿ! ಇದನ್ನ ಮೂರು ವರ್ಸದಿಂದ ನೋಡ್ತಾ ಇವ್ನಿ."

ವಿಷಯ ಇದು. ಮರಿಯಪ್ಪ ರೇಷ್ಮೆ ಹುಳು ಸಾಕುವವನು, ಮೆಹಬೂಬ್ ಗೂಡು ಕೊಂಡು ನೂಲು ತೆಗೆಯುವವನು. ಮೂರು ವರ್ಷದ ಹಿಂದೆ ಮರಿಯಪ್ಪನ ಮಗ ಅನಂತರಾಜು ಬೈಕಿನಿಂದ ಬಿದ್ದಾಗ ಮೆಹಬೂಬ್ ತನ್ನ ನೂಲಿನ ಘಟಕದ ಆಳುಗಳನ್ನು ಕರೆತಂದು ರಕ್ತ ಕೊಡಿಸಿದ್ದ. ತಾನೂ ಕೊಟ್ಟಿದ್ದ. ಹುಡುಗ ಉಳಿದ. ಅವತ್ತಿನಿಂದ ಗೂಡಿನ ಮಾರುಕಟ್ಟೆಯಲ್ಲಿ ಮರಿಯಪ್ಪ ಬಾಯಿ ತೆರೆಯುವ ಹಾಗಿರಲಿಲ್ಲ. ರೇಟು ಸಾಲದು ಎಂದು ಗೊಣಗಿದರೆ ಸಾಕು, ಎಲ್ಲರೆದುರು ಮೆಹಬೂಬ್, "ಅನಂತು ಹೆಂಗವ್ನೆ ಮರಿಯಣ್ಣ? ರಕ್ತ ಚೆನ್ನಾಗ್ ಓಡ್ತಾ ಐತಾ?" ಎಂದು ಕೇಳುತ್ತಿದ್ದ. ತಮಾಷೆಗೇ ಕೇಳುತ್ತಿದ್ದ. ಆದರೆ ತಮಾಷೆ ಎಂದು ತಿಳಿದಷ್ಟೂ ಮರಿಯಪ್ಪನಿಗೆ ಉರಿಯುತ್ತಿತ್ತು.

"ಮದ್ವೇಲಿ ಮುಯ್ಯಿ ಮಾಡ್ದೋರ್ಗೆ ತಿರುಗಿ ಮುಯ್ಯಿ ಮಾಡ್ದೆ ಇದ್ರೆ ಜನ ಏನಂತಾರೆ? ಇವತ್ತು ತೀರಿಸ್ಬುಡಾಣ ಅಂತ ಬಂದೆ. ನೀವು ಕಬ್ಬಿಣ ಅಂತೀರಿ."

ಸಾಬಿರಾ ಮಂಚದಿಂದಲೇ ಗದರಿದಳು. "ಸೂಜಿ ಚುಚ್ಚಿಸ್ಕೊಳ್ಳೋಳು ನಾನು, ಜಗಳ ನಿಮ್ದು! ಮರಿಯಣ್ಣ, ನಿಮ್ ಮಗಳ ಮದ್ವೇಲಿ ನಾನು ಕುಕ್ಕರ್ ಕೊಟ್ಟೆ. ನಮ್ ಮಗಳು ಮಹೀನ್ ಮದ್ವೇಲಿ ನೀವೇನ್ ಕೊಟ್ರಿ?"

"ಬಟ್ಟೆ ಬೀರು."

"ಮತ್ತೆ? ಕುಕ್ಕರ್‌ಗೆ ಕುಕ್ಕರೇ ಕೊಡ್ಬೇಕು ಅಂತ ಐತಾ?"

ರಮ್ಯಾ ಆ ಮಾತನ್ನು ಅಲ್ಲೇ ಹಿಡಿದುಕೊಂಡಳು. "ಸರಿಯಾಗ್ ಹೇಳಿದ್ರಿ ಸಾಬಿರಕ್ಕ. ಮರಿಯಪ್ಪಣ್ಣ, ಡ್ರಿಪ್ಪು ನಮ್ದು. ಊಟ ನಿಮ್ದು. ನುಗ್ಗೆ ಸೊಪ್ಪು, ರಾಗಿ, ಹುರುಳಿ, ಮೊಟ್ಟೆ ಕಳಿಸಿ. ಆಪರೇಷನ್ನಿಗೆ ಮೈ ಗಟ್ಟಿ ಆಗ್ಬೇಕು. ಇನ್ನು ಈ ಹುಡುಗ್ರು, ಬಂದಿದ್ದಾರೆ, ರಕ್ತ ಕೊಡ್ಲಿ. ಸಾಬಿರಕ್ಕನ ಹೆಸರಲ್ಲಿ ಬೇಡ. ಯಾರಿಗೆ ಬೇಕೋ ಅವರಿಗೆ ಹೋಗುತ್ತೆ."

ಯಾರಿಗೋ ಎಂದ ತಕ್ಷಣ ಟೆಂಪೊದವರಲ್ಲಿ ಒಬ್ಬನಿಗೆ ಹಸು ಹಾಲು ಕರೆಯುವುದು ನೆನಪಾಯಿತು. ಇನ್ನೊಬ್ಬನಿಗೆ ಬೆಳಗಿನಿಂದ ತಲೆನೋವು ಇದ್ದದ್ದು ಆಗ ತಿಳಿಯಿತು. ಉಳಿದವರು ಮರಿಯಪ್ಪನ ಮುಖ ನೋಡಿದರು.

"ನಾನು ಕರ್ಕೊಂಡ್ ಬರೋನು ಕಣ್ರಲಾ, ಕೊಡೋನಲ್ಲ" ಎಂದ ಮರಿಯಪ್ಪ.

"ಬಾಪ್ಪ" ಎಂದು ಟೆಂಪೊದಲ್ಲೇ ಬಂದಿದ್ದ ಅನಂತರಾಜು ಅಪ್ಪನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಮಿಕ್ಕವರು ಹಿಂದೆ ಹೋಗಲೇಬೇಕಾಯಿತು. ಹಸುವಿನವನೂ ಹೋದ. ಮರಿಯಪ್ಪ ರಕ್ತ ತೆಗೆದು ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಕೊಟ್ಟ ಬಿಸ್ಕತ್ತು ಸಣ್ಣದಾಯಿತು ಎಂದು ದೂರಿದ.

ಸಾಬಿರಾಳ ಡ್ರಿಪ್ಪನ್ನು ನೋಡಲು ಮತ್ತೆ ಬಂದ. ಬಾಟಲಿಯಲ್ಲಿ ಕಾಫಿ ಡಿಕಾಕ್ಷನ್ನಿನ ಹಾಗೆ ಕಂದು ಬಣ್ಣದ ನೀರು. "ಬಣ್ಣನಾದ್ರೂ ಐತೆ" ಎಂದು ಒಸಿ ಸಮಾಧಾನಪಟ್ಟುಕೊಂಡ.

ಮರುದಿನದಿಂದ ಕೂಟಗಲ್ಲಿನ ಬಸ್ಸಿನಲ್ಲಿ ಸಾಬಿರಾಳಿಗೆಂದು ನುಗ್ಗೆ ಸೊಪ್ಪಿನ ಹೊರೆ ಬರತೊಡಗಿತು. ಮರಿಯಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಮೊಟ್ಟೆಗಳನ್ನು ರಾಗಿ ಹಿಟ್ಟಿನೊಳಗೆ ಹುದುಗಿಸಿ ಕಳಿಸುತ್ತಿದ್ದಳು, ಒಂದೂ ಒಡೆಯುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸಾಬಿರಾಳ ಕೆನ್ನೆಗೆ ಬಣ್ಣ ಬಂತು. ಆಪರೇಷನ್ನೂ ಆಯಿತು. ಒಂದು ತೊಟ್ಟು ಬೇರೆಯವರ ರಕ್ತ ಬೇಕಾಗಲಿಲ್ಲ. ಡಾಕ್ಟರ್ ಹಿನಾ ಖುಷಿಗೆ ವಾರ್ಡಿಗೆಲ್ಲ ಮೈಸೂರು ಪಾಕು ಹಂಚಿದರು.

ಸೊಪ್ಪು ಮಾತ್ರ ನಿಲ್ಲಲಿಲ್ಲ.

ಹದಿನೈದು ದಿನ ಬಿಟ್ಟು ಮೆಹಬೂಬ್ ಆಸ್ಪತ್ರೆಗೆ ಬಂದು ರಮ್ಯಾಳ ಮುಂದೆ ಕೈ ಮುಗಿದ. "ಸಿಸ್ಟರ್, ಸೊಪ್ಪಿನ ಸಾರು, ಸೊಪ್ಪಿನ ಪಲ್ಯ, ಸೊಪ್ಪಿನ ಆಮ್ಲೆಟ್ಟು. ಬಿರಿಯಾನಿಗೂ ಹಾಕ್ಬುಟ್ಳು ಸಾಬಿರಾ. ಸಾಕು ಅಂತ ನೀವಾದ್ರೂ ಮರಿಯಣ್ಣಂಗೆ ಹೇಳಿ."

"ನಾನು ಹೇಳಿದ್ರೆ ನಿಲ್ಲಲ್ಲ. ನೀವು ಹೇಳ್ಬೇಕು. ಮಾರ್ಕೆಟ್ಟಲ್ಲಿ, ಎಲ್ಲರ ಎದುರು. ಮುಯ್ಯಿ ತೀರ್ತು ಅಂತ."

ಮೂರು ವರ್ಷದ ತಮಾಷೆಯನ್ನು ಬಿಟ್ಟುಕೊಡುವುದು ಮೆಹಬೂಬನಿಗೆ ಸುಲಭವಾಗಿರಲಿಲ್ಲ. ಆದರೆ ಆಮ್ಲೆಟ್ಟು ನೆನಪಾಯಿತು.

ಮರುದಿನ ಗೂಡಿನ ರಾಶಿಗಳ ನಡುವೆ ನಿಂತು, "ಮರಿಯಣ್ಣ, ನಮ್ ನಿಮ್ ಮುಯ್ಯಿ ತೀರ್ತಪ್ಪ!" ಎಂದು ಕೂಗಿ ಹೇಳಿದ. ಅವತ್ತು ಮರಿಯಪ್ಪ ರೇಟು ಸಾಲದು ಎಂದು ಮಾರುಕಟ್ಟೆಯೆಲ್ಲ ಕೇಳುವಂತೆ, ಹೊಟ್ಟೆ ತುಂಬ ಗೊಣಗಿದ. ಯಾರೂ ಅನಂತುವಿನ ಕ್ಷೇಮ ಕೇಳಲಿಲ್ಲ.

ಮಾರನೆಯ ದಿನ ಬಸ್ಸು ಸೊಪ್ಪಿಲ್ಲದೆ ಬಂತು. ಮಧ್ಯಾಹ್ನ ಊಟಕ್ಕೆ ಕುಳಿತ ಮೆಹಬೂಬನ ಮುಂದೆ ಸಾಬಿರಾ ಖಾಲಿ ಪಾತ್ರೆ ಇಟ್ಟಳು.

"ಸೊಪ್ಪು ಎಲ್ಲಿ? ನಂಗೆ ಅದಿಲ್ದೆ ಊಟ ಸೇರಲ್ಲ ಈಗ. ನೀವೇ ಬ್ಯಾಡ ಅಂದ್ರಂತೆ. ನೀವೇ ತರಿಸಿ."

ಮೆಹಬೂಬ್ ಫೋನ್ ಹಚ್ಚಿದ. "ಮರಿಯಣ್ಣ, ಒಸಿ ಸೊಪ್ಪು ಕಳಿಸ್ತೀಯಾ?"

"ಅದಕ್ಕೇನ್ ಭಾಯ್, ನಾಳೆ ಬಸ್ಸಿಗೇ ಹಾಕ್ತೀನಿ" ಎಂದ ಮರಿಯಪ್ಪ. ಆ ಕಡೆ ಅವನ ನಗೆ ಕೇಳಿಸುತ್ತಿತ್ತು. "ಆದ್ರೆ ಇದು ಹೊಸ ಮುಯ್ಯಿ."