ಬೇವಿನಕಟ್ಟಿ ಓಣಿಯ ಎರಡು ವರ್ಷ

ನಮ್ಮಣ್ಣನ ಹೆಂಡತಿ ಜಯಮಾಲಾ ವೈನಿಗೆ ಡ್ರೈವಿಂಗ್ ಲೈಸೆನ್ಸ್ ಬಂದು ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಮೂರು ಕಡೆ ಕೆಲಸ ಕೇಳಿ ಬಂದಿದ್ದಳು. ಸಿಂದಗಿಯ ಒಂದು ಶಾಲೆ, ಮುದ್ದೇಬಿಹಾಳದ ಒಂದು ಬೇಕರಿ, ಇಂಡಿಯಲ್ಲಿ ನಿಂಬೆಹಣ್ಣು ಸಾಗಿಸುವವರು. ಮೂರೂ ಕಡೆ ಒಂದೇ ಪ್ರಶ್ನೆ: ಎಷ್ಟು ವರ್ಷದ ಅನುಭವ? ಇಲ್ಲವೆಂದ ಕೂಡಲೇ ಚಹಾ ಕುಡಿಸಿ ಕಳಿಸಿದ್ದರು. ಕೆಲಸ ಕೊಡದವರು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಾರೆ ಎಂದು ವೈನಿ ಹೇಳುತ್ತಿದ್ದಳು.

ನಾಲ್ಕನೆಯದು ಬಸವನ ಬಾಗೇವಾಡಿಯ ಒಂದು ಔಷಧ ಏಜೆನ್ಸಿ. ಸುತ್ತಲಿನ ತಾಲೂಕುಗಳ ಮೆಡಿಕಲ್ ಅಂಗಡಿಗಳಿಗೆ ಸಣ್ಣ ವ್ಯಾನಿನಲ್ಲಿ ಮಾಲು ಮುಟ್ಟಿಸುವ ಕೆಲಸ. ಹಳೆಯ ಚಾಲಕ ಮೊಣಕಾಲು ನೋವಿನಿಂದ ಬಿಡುತ್ತಿದ್ದಾನೆ, ಸೋಮವಾರ ಬಯೋಡಾಟಾ ತಗೊಂಡು ಬರಬೇಕಂತೆ. ನಮ್ಮೂರು ಮಸೂತಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಆರಿಫಣ್ಣ ಈ ಸುದ್ದಿ ತಂದಿದ್ದ.

ಆ ಸಂಜೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ವೈನಿ ಹೇಳಿದಳು: “ಇದೂ ಆಗಲಿಲ್ಲಂದ್ರ ಆ ಲೈಸೆನ್ಸ್ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ತೇನಿ. ಆಮ್ಯಾಲ ಯಾರೂ ನನ್ನ ಮುಂದ ಗಾಡಿ ಸುದ್ದಿ ತೆಗೀಬಾರ್ದು.”

ಅಂದದ್ದನ್ನು ಮಾಡುವವಳು ಆಕೆ. ಮದುವೆಯಾದ ವರ್ಷ ಯಾರೋ ತನ್ನ ದನಿಗೆ ನಕ್ಕರೆಂದು ಹಾಡು ಬಿಟ್ಟವಳು ಇವತ್ತಿಗೂ ಗುನುಗುವುದಿಲ್ಲ.

ಬಯೋಡಾಟಾ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ವಿಳಾಸ, ಹತ್ತನೆಯ ತರಗತಿ ಪಾಸು, ಲೈಸೆನ್ಸ್ ನಂಬರು ಎಲ್ಲ ಬರೆದರೂ ಅರ್ಧ ಹಾಳೆ ತುಂಬಲಿಲ್ಲ. ಕೆಳಗೆ ‘ಅನುಭವ’ ಎಂದು ಬರೆದು, ಅದರ ಮುಂದಿನ ಬಿಳಿ ಜಾಗವನ್ನು ನೋಡುತ್ತ ಕೂತೆ. ನನಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಅಜ್ಜಿಯಿಂದ ಬಂದ ಗುಣ ಅದು. ಅಜ್ಜಿ ಸಿದ್ದಲಿಂಗವ್ವ ಕೊಲ್ಹಾರದ ಮಗಳು. ಅವಳ ಕಥೆಯ ರಾಜಕುಮಾರಿ, ಏಳು ಹೆಡೆಯ ಸರ್ಪ, ಮಾತಾಡುವ ಗಿಣಿ ಎಲ್ಲರೂ ಅವಳ ತವರಿನ ಬೇವಿನಕಟ್ಟಿ ಓಣಿಯಲ್ಲೇ ಮನೆ ಮಾಡಿಕೊಂಡಿದ್ದರು. ಎಡಕ್ಕೆ ಬಳೆ ಅಂಗಡಿ, ಬಲಕ್ಕೆ ಎಣ್ಣೆ ಗಾಣ, ಕೊನೆಗೆ ಬೇವಿನ ಕಟ್ಟೆ. ಕೇಳಿ ಕೇಳಿ ಆ ಓಣಿಯಲ್ಲಿ ನಾನು ಕಣ್ಣು ಮುಚ್ಚಿ ನಡೆಯಬಲ್ಲೆ.

ವೈನಿಗಾಗಿ ಒಂದು ಸಣ್ಣ ಕಥೆ ಕಟ್ಟಿದರೆ ಯಾರಿಗೇನು ನಷ್ಟ ಅನ್ನಿಸಿತು. ‘ಬೇವಿನಕಟ್ಟಿ ಓಣಿ, ಕೊಲ್ಹಾರ. ಕಿರಾಣಿ ವ್ಯಾಪಾರಿಯ ಬಳಿ ಎರಡು ವರ್ಷ ವ್ಯಾನ್ ಚಾಲಕಿ’ ಎಂದು ಬರೆದುಬಿಟ್ಟೆ. ವಿಳಾಸ ತಾನಾಗಿ ಬೆರಳಿಗೆ ಬಂತು. ಸೋಮವಾರ ಬಸ್ಸು ಹಾರ್ನು ಹೊಡೆಯುವ ಹೊತ್ತಿಗೆ ಹಾಳೆಯನ್ನು ಮಡಿಸಿ ವೈನಿಯ ಚೀಲದಲ್ಲಿ ಹಾಕಿ, ನಾನೂ ಜೊತೆಗೆ ಹೊರಟೆ. ಅವಳು ಓದಲಿಲ್ಲ. ನಾನು ಬರೆದದ್ದನ್ನು ಓದಿ ನೋಡಬೇಕು ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಏಜೆನ್ಸಿಯ ಮಾಲೀಕರು ಪಂಢರಿನಾಥರು, ಅರವತ್ತು ದಾಟಿದವರು. ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ಬೈಯುತ್ತ, ನಮಗೆ ಕೈಸನ್ನೆಯಲ್ಲೇ ಕೂರಲು ಹೇಳಿದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಹಳೆಯ ಚಾಲಕ ಧೂಳಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದ. ಪಂಢರಿನಾಥರು ಫೋನು ಇಟ್ಟು, ವೈನಿ ಕೊಟ್ಟ ಹಾಳೆ ಬಿಡಿಸಿ ಓದಿದರು. ಒಂದು ಕಡೆ ಬೆರಳು ನಿಂತಿತು.

“ಲೈಸೆನ್ಸ್ ಏಳ ತಿಂಗಳದ್ದು, ಅನುಭವ ಎರಡ ವರ್ಷದ್ದು,” ಎಂದರು. “ಅದೂ ಬೇವಿನಕಟ್ಟಿ ಓಣ್ಯಾಗ. ನಮ್ಮ ಮನಿ ಅದೇ ಓಣ್ಯಾಗಿತ್ತವಾ. ಊರು ಮುಳುಗಿ ಎಷ್ಟೋ ವರ್ಷಾತು. ಈಗ ಅಲ್ಲಿ ಮೀನಾ ಹಿಡಿಯೋರು ಬಲಿ ಹಾಕ್ತಾರ. ನೀವು ಹೊಡದಿದ್ದು ವ್ಯಾನೋ, ದೋಣಿನೋ?”

ಧೂಳಪ್ಪ ಕೆಮ್ಮಿದ ಹಾಗೆ ಮಾಡಿ ನಕ್ಕ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಜ್ಜಿಯ ಬಾಯಲ್ಲಿ ಅದಕ್ಕೆ ಒಂದು ಹನಿ ನೀರೂ ತಾಗಿರಲಿಲ್ಲ.

ವೈನಿ ನನ್ನತ್ತ ಒಮ್ಮೆ ನೋಡಿದಳು. ಬೈಗುಳವಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನೋಟದಲ್ಲಿ ಟ್ರಂಕಿಗೆ ಕೀಲಿ ಹಾಕಿದ ಶಬ್ದವಿತ್ತು. ನಾನು ಎದ್ದು ನಿಂತೆ. ಬರೆದವಳು ನಾನು, ಅವಳಿಗೆ ಇದರಲ್ಲಿ ಏನಿದೆ ಎಂಬುದೂ ಗೊತ್ತಿಲ್ಲ, ಓಣಿ ನಮ್ಮಜ್ಜಿಯದು ಎಂದು ತೊದಲುತ್ತ ಹೇಳಿದೆ. ಅವರು ನನ್ನನ್ನು ಬಿಟ್ಟು ವೈನಿಯನ್ನೇ ನೋಡುತ್ತಿದ್ದರು.

“ನಾ ಎಲ್ಲೂ ಕೆಲಸಕ್ಕ ಗಾಡಿ ಹೊಡದಿಲ್ರಿ,” ಎಂದಳು ವೈನಿ. “ಇಪ್ಪತ್ತೊಂದು ದಿನ ಕ್ಲಾಸಿಗೆ ಹೋಗೇನಿ. ಆಮ್ಯಾಲ ನಮ್ಮೂರ ಆರಿಫಣ್ಣನ ವ್ಯಾನ್ ನಾಕು ಸಲ ಹೊಡದೇನಿ. ಮೊದಲನೇ ಸಲ ಅವರ ಗೇಟಿನ ಕಂಬಕ್ಕ ಗುದ್ದೇನಿ. ಉಳದ ಮೂರು ಸಲ ಗುದ್ದಿಲ್ರಿ.”

ಚೀಲ ಎತ್ತಿಕೊಂಡು ಹೊರಡಲು ಎದ್ದಳು. ಚಹಾ ಬರುವ ಮೊದಲೇ ಹೋಗಿಬಿಡಬೇಕು ಎನ್ನುವ ಹಾಗಿತ್ತು.

ಪಂಢರಿನಾಥರು ಕೂರಲು ಹೇಳಿದರು. ಹೋದ ತಿಂಗಳು ಹತ್ತು ವರ್ಷದ ಅನುಭವ ಎಂದು ಒಬ್ಬ ಬಂದಿದ್ದನಂತೆ. ಎರಡನೆಯ ದಿನವೇ ಇನ್ಸುಲಿನ್ ಪೆಟ್ಟಿಗೆಯನ್ನು ಬಿಸಿಲಿಗೆ ಬಿಟ್ಟು ಊಟಕ್ಕೆ ಕೂತ. ಕೇಳಿದರೆ ಬಿಸಿಲೇ ಇರಲಿಲ್ಲ ಎಂದ, ಅದೂ ಮೇ ತಿಂಗಳಲ್ಲಿ. ಇಷ್ಟು ಹೇಳಿ ನನ್ನ ಮುಂದೆ ಒಂದು ಬಿಳಿ ಹಾಳೆ ಸರಿಸಿದರು.

“ಖರೇ ಏನೈತಿ ಅಷ್ಟ ಬರಿ. ಕಂಬಾನೂ ಬರಿ.”

ಬರೆದೆ. ಇಪ್ಪತ್ತೊಂದು ದಿನದ ತರಬೇತಿ. ನಾಲ್ಕು ಸಲ ವ್ಯಾನ್, ಒಂದು ಸಲ ಕಂಬ. ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಓದಬಲ್ಲಳು, ಮರಾಠಿ ತಿಳಿಯುತ್ತದೆ. ಬೆಳಗ್ಗೆ ಐದಕ್ಕೆ ಏಳುತ್ತಾಳೆ. ‘ಅನುಭವ’ದ ಮುಂದೆ ‘ಇಲ್ಲ’ ಎಂದು ಬರೆದೆ. ಈ ಸಲ ವೈನಿ ಹಾಳೆ ಇಸಿದುಕೊಂಡು ಒಂದೊಂದೇ ಸಾಲು ಓದಿ, ಆಮೇಲೆ ಸಹಿ ಹಾಕಿದಳು.

ಧೂಳಪ್ಪ ಸಿರಪ್ ಬಾಟಲಿಗಳ ನಾಲ್ಕು ಪೆಟ್ಟಿಗೆಗಳನ್ನು ವ್ಯಾನಿನಲ್ಲಿಟ್ಟು ವೈನಿಯ ಪಕ್ಕ ಹತ್ತಿ ಕೂತ. ಪರೀಕ್ಷೆ ಇಷ್ಟೇ: ಬಸ್ ನಿಲ್ದಾಣದವರೆಗೆ ಹೋಗಿ, ಸಂತೆ ಬೀದಿಯೊಳಗಿಂದ ಹಾಯ್ದು ಬರಬೇಕು. ವ್ಯಾನು ಒಮ್ಮೆ ಬಂದ್ ಆಗಿ, ಮತ್ತೆ ಚಾಲೂ ಆಗಿ, ತಿರುವಿನಲ್ಲಿ ಮರೆಯಾಯಿತು.

ಕಾಯುತ್ತ ಕೂತಾಗ ಪಂಢರಿನಾಥರು ಅಜ್ಜಿಯ ಓಣಿಯ ಬಗ್ಗೆ ಕೇಳಿದರು. ಬಲಕ್ಕೆ ಎಣ್ಣೆ ಗಾಣ ಎಂದೆ. ಅಲ್ಲ, ಗಾಣ ಎಡಕ್ಕಿತ್ತು ಎಂದರು. ಹೊಳೆ ಕಡೆಯಿಂದ ಬಂದರೆ ಎಡ, ಅಜ್ಜಿ ಗುಡಿ ಕಡೆಯಿಂದ ಬರುತ್ತಿದ್ದಿರಬೇಕು ಎಂದು ತಾವೇ ಲೆಕ್ಕ ಸರಿಮಾಡಿಕೊಂಡರು. ನನ್ನ ಕಿವಿಯೆಲ್ಲ ರಸ್ತೆಯಲ್ಲಿತ್ತು. ಪ್ರತಿ ಹಾರ್ನಿಗೂ ಒಂದು ಕಂಬ ಬೀಳುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಮನಸ್ಸಿನಲ್ಲೇ ಬಾಗೇವಾಡಿಯ ಕಂಬಗಳನ್ನೆಲ್ಲ ಕೆಡವಿದ್ದೆ.

ವ್ಯಾನು ಬಂತು. ಗೋಡೆಯಿಂದ ಒಂದು ಗೇಣು ಬಿಟ್ಟು, ಹಿಂದಕ್ಕೆ ಸರಿದು, ನೆಟ್ಟಗೆ ನಿಂತಿತು. ಧೂಳಪ್ಪ ಕುಂಟುತ್ತ ಇಳಿದ.

“ಸಂತಿ ಬೀದ್ಯಾಗ ಭಾಳ ಸಾವಕಾಶ ಹೊಡದಾಳ್ರಿ, ಹಿಂದಿನವ್ರು ಬೈದ್ರು,” ಎಂದ. “ಆದ್ರ ಹಿಂದ ಬಾಟ್ಲಿ ಸಪ್ಪಳ ಬರಲಿಲ್ರಿ. ನಾ ಹೊಡದ್ರ ಬ್ಯಾಂಡ್ ಬಾರಿಸಿದಂಗ ಆಗ್ತಿತ್ತು.”

ಪಂಢರಿನಾಥರು ಹೊಸ ಹಾಳೆಯನ್ನು ಫೈಲಿಗೆ ಹಾಕಿದರು. ಒಂದು ತಿಂಗಳು ಧೂಳಪ್ಪ ಪಕ್ಕದಲ್ಲಿರುತ್ತಾನೆ, ಆಮೇಲೆ ಒಬ್ಬಳೇ. ನಾಳೆ ಏಳಕ್ಕೆ ಬರಬೇಕು, ಮೊದಲ ದಿನ ಮುದ್ದೇಬಿಹಾಳ. ವೈನಿ ತಲೆಯಾಡಿಸಿದಳು.

ಮಸೂತಿಯ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತೆವು. ಹೊರಗೆ ಹೊಸದಾಗಿ ಬಿತ್ತಿದ ತೊಗರಿ ಹೊಲಗಳು ಸರಿಯುತ್ತಿದ್ದವು. ತಪ್ಪಾಯಿತು ಎಂದೆ.

“ತಪ್ಪ ಆತು ಖರೇ,” ಎಂದಳು ವೈನಿ. “ಇನ್ನ ಮ್ಯಾಲ ನನ್ನ ಹೆಸರ್ಲೆ ಏನರ ಬರದ್ರ ಮೊದಲ ನನಗ ಓದಿ ಹೇಳು. ಕಥಿ ಬೇಕಂದ್ರ ನಾನ ಕೇಳ್ತೇನಿ.”

ಅಷ್ಟು ಹೇಳಿ ರಸ್ತೆಯ ಕಡೆ ತಿರುಗಿದಳು. ಎದುರಿಗೆ ಎಮ್ಮೆಗಳ ಹಿಂಡು ಬಂದು ಡ್ರೈವರ್ ಬ್ರೇಕ್ ಹಾಕಿ ಬಸ್ಸಿನ ವೇಗ ಇಳಿಸಿದಾಗ, ಸೀಟಿನ ಕೆಳಗೆ ವೈನಿಯ ಬಲಗಾಲೂ ಮೆಲ್ಲಗೆ ನೆಲವನ್ನು ಒತ್ತಿತು.