ಗಾಡಿ ನಿಂತ ಬಗೆ

ನನ್ನ ಮಗ ಸಂತೋಷಕುಮಾರ ತೀರಿಕೊಂಡು ಹತ್ತು ತಿಂಗಳಾದ ಮೇಲೆ, ಅವನ ಪಿಕಪ್ ಗಾಡಿಗೆ ಹೊಸ ಟೈರು ಹಾಕಿಸಬೇಕೆಂದು ಸೊಸೆ ಭಾಗ್ಯಜ್ಯೋತಿ ಶಹಾಬಾದಿಗೆ ಹೊರಟಳು. ನಾನೂ ಹಟ ಹಿಡಿದು ಪಕ್ಕದಲ್ಲಿ ಕುಳಿತೆ. ಅವಳಿಗೆ ನೆರವಾಗಲು ಅಲ್ಲ. ಆ ನಾಲ್ಕು ಟೈರುಗಳು ಗಾಡಿಯಿಂದ ಇಳಿಯುವುದು ನನಗೆ ಬೇಡವಾಗಿತ್ತು. ಅವು ನನ್ನ ಮಗ ಕಡೆಯದಾಗಿ ಕೈಯಿಂದ ಮುಟ್ಟಿ ಆರಿಸಿದ ಟೈರುಗಳು.

ಅವನು ಹನ್ನೆರಡು ವರ್ಷ ರಾವೂರಿನ ಖಣಿಗಳಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸಿದವನು. ಖಣಿಯ ದಾರಿಯೆಂದರೆ ದಾರಿಯಲ್ಲ. ಕಲ್ಲಿನ ಚೂರುಗಳ ರಾಶಿ. ಅದಕ್ಕೆ ತಕ್ಕಂತೆ ದಪ್ಪ ಗಡ್ಡೆಗಳ, ಆಳ ಕಚ್ಚುಗಳ ಟೈರು ಹಾಕಿಸಿದ್ದ. ಭಾಗ್ಯಜ್ಯೋತಿಗೆ ಖಣಿಯ ಕೆಲಸ ಬೇಕಿರಲಿಲ್ಲ. ಗಂಡ ಹೊಲದಲ್ಲಿ ಕಲಿಸಿದ ಡ್ರೈವಿಂಗಿಗೆ ಲೈಸೆನ್ಸ್ ಮಾಡಿಸಿಕೊಂಡು, ಸುಲೇಪೇಟದ ತರಕಾರಿಯನ್ನು ದಿನಾಲು ಸೇಡಂಗೂ ಶಹಾಬಾದಿಗೂ ಮುಟ್ಟಿಸಲು ಒಪ್ಪಿಕೊಂಡಿದ್ದಳು. ಕೆಲಸ ಮರುದಿನದಿಂದಲೇ ಶುರು. ಆದರೆ ಗಾಡಿ ನಲವತ್ತರ ವೇಗ ಮುಟ್ಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಮುಂದಿನಿಂದ ಯಾರೋ ಒಂದೇ ಸಮನೆ ಗುದ್ದುತ್ತಿರುವಂತೆ ಸಪ್ಪಳ ಬರುತ್ತಿತ್ತು. ಇಂಥ ಗಾಡಿಯನ್ನು ಮುಂಜಾನೆಯ ದಾರಿಯಲ್ಲಿ ಓಡಿಸಲು ಅವಳಿಗೆ ಹೆದರಿಕೆ.

ಸಂತೋಷ ಹೋದ ರೀತಿಯನ್ನು ಇಲ್ಲಿ ಹೇಳಬೇಕು. ಮಾಘ ಮಾಸದ ಒಂದು ಬೆಳಿಗ್ಗೆ ಕಲ್ಲು ಹೇರಿಕೊಂಡು ಚಿತ್ತಾಪುರದ ಕಡೆ ಹೊರಟಿದ್ದ. ದಾರಿಯ ಒಂದು ಬಸ್ ನಿಲ್ದಾಣದಲ್ಲಿ ಇಪ್ಪತ್ತು ಮಂದಿ ಕಾಯುತ್ತಿದ್ದರು. ಹೆಂಗಸರು, ಕೂಸುಗಳು, ಸಾಲೆಗೆ ಹೊರಟ ಹುಡುಗಿಯರು. ಗಾಡಿ ರಸ್ತೆ ಬಿಟ್ಟು ಅವರ ಕಡೆ ತಿರುಗಿತು. ಅವರಿಂದ ಎರಡು ಮಾರು ದೂರದಲ್ಲಿ ನಿಂತಿತು. ಬಾಗಿಲು ತೆಗೆದು ನೋಡಿದರೆ ನನ್ನ ಮಗ ಎಡಕ್ಕೆ ಒರಗಿದ್ದ, ಉಸಿರು ಇರಲಿಲ್ಲ. ಎದೆಬಡಿತ ನಿಂತು ಹೋಗಿತ್ತು ಎಂದು ಡಾಕ್ಟರು ಹೇಳಿದರು. ಡ್ರೈವರನ ಜೀವ ಹೋದರೂ ಗಾಡಿ ತಾನಾಗಿ ನಿಂತಿತು, ಎಂಜಿನ್ ಕೂಡ ತಾನಾಗಿ ಬಂದ್ ಆಯಿತು, ಇದು ಶಿವನ ಕೆಲಸ ಎಂದು ಜನ ಹೇಳಿದರು. ನಾನೂ ನಂಬಿದೆ. ನಂಬದಿದ್ದರೆ ನಾನು ಉಳಿಯುತ್ತಿರಲಿಲ್ಲ. ದಿನಾಲು ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ನನ್ನ ಮಗನ ಕೈಯಿಂದ ಒಂದು ಜೀವಕ್ಕೂ ಕೇಡಾಗದಂತೆ ಗಾಡಿ ತಡೆದೆಯಲ್ಲ ತಂದೆ, ಎಂದು ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದವರಿಗೆಲ್ಲ ಇದನ್ನೇ ಹೇಳಿದೆ. ಆ ನಿಲ್ದಾಣದಲ್ಲಿದ್ದ ತುಳಜಾಬಾಯಿ ಎಂಬ ಮುದುಕಿ ಮಾತಾಡಿಸಲು ಬಂದಾಗ, "ಗಾಡಿ ಚೀರಿ ನಿಂತಿತ್ರಿ" ಎಂದಿದ್ದಳು. ಹೆದರಿಕೆಯಲ್ಲಿ ಜನರ ಚೀರಾಟವೇ ಅವಳಿಗೆ ಹಾಗೆ ಕೇಳಿಸಿರಬೇಕೆಂದು ನಾನು ಸುಮ್ಮನಾಗಿದ್ದೆ.

ಟೈರಿನ ಅಂಗಡಿಯ ಇಸಾಕ ಐವತ್ತು ದಾಟಿದವನು. ನಮಗೆ ಪರಿಚಯವಿರಲಿಲ್ಲ, ಕೆಲಸಗಾರನೆಂದು ಯಾರೋ ಹೇಳಿದ್ದರು. ಟೈರುಗಳ ರಾಶಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದವನು ಗಾಡಿಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದ.

"ಏನ್ರಿ ಕಾಕಾ, ಗಾಡಿ ತೊಳದು ಮದುವಿಗಿ ಕರ್ಕೊಂಡ್ ಬಂದಂಗ ಅದ. ಕಾಲಾಗಿನ ಖಣಿ ಬೂಟು ಮಾತ್ರ ಕಳದಿಲ್ಲ!"

ಭಾಗ್ಯಜ್ಯೋತಿ ನಕ್ಕಳು. "ಅದಕ್ಕೇ ಬಂದೀವಿ ಭಾಯಿ. ನಾಳಿಂದ ಸುಲೇಪೇಟದ ಕಾಯಿಪಲ್ಯ ಹೇರಬೇಕು. ಎಲ್ಲಾ ಡಾಂಬರ ರಸ್ತಾ."

"ಈ ಟೈರಿನ ಮ್ಯಾಗ ಟಮಾಟಿ ಹೇರಿದ್ರ ಸೇಡಂ ಬರೋದ್ರಾಗ ಚಟ್ನಿ ಆಗಿರ್ತದ, ತಂಗಿ. ರೊಟ್ಟಿ ಅಷ್ಟ ಬಡಕೊಂಡ್ ಕುಂದ್ರಬೇಕು."

"ಟೈರು ಚಲೋ ಅವ," ಎಂದೆ ನಾನು. "ಅರ್ಧಾನೂ ಸವದಿಲ್ಲ. ನೀ ಬರೇ ನಡುಗೂದು ನಿಲ್ಲಿಸಿ ಕೊಡು. ಸಾಕು."

"ಮಾಮಾ, ದಾರ್ಯಾಗ ಏನ್ ಮಾತಾಗಿತ್ತು?"

"ನೀ ಮಾತಾಡಿದಿ. ನಾ ಹೂಂ ಅಂದಿಲ್ಲ."

ಸೊಸೆ ಮುಖ ಆ ಕಡೆ ತಿರುಗಿಸಿದಳು. ಇಸಾಕ ನಮ್ಮಿಬ್ಬರನ್ನೂ ನೋಡಿ ಚಹಾದ ಕಪ್ಪು ಕೆಳಗಿಟ್ಟ. "ಜಗಳ ಆಮ್ಯಾಲ ಆಡ್ರಿ. ಮೊದಲು ಟೈರು ಏನಂತದ ಕೇಳೂನು," ಎಂದು ಮುಂದಿನ ಚಕ್ರದ ಕೆಳಗೆ ಜಾಕ್ ಕೊಟ್ಟ.

ಚಕ್ರ ನೆಲ ಬಿಟ್ಟು ಮೇಲೆದ್ದಿತು. ಅವನು ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದ. ಒಂದು ಕಡೆ ಕೈ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ಅಲ್ಲೇ ನಿಂತಿತು. ಆ ಕಡೆಯ ಚಕ್ರಕ್ಕೂ ಜಾಕ್ ಕೊಟ್ಟು ಹಾಗೆಯೇ ಮಾಡಿದ.

"ತಂಗೀ, ಈ ಬ್ರೇಕು ನೀ ಹೊಡದ್ಯಾ?"

"ಯಾವ ಬ್ರೇಕು? ನಾ ನಲವತ್ತರ ಮ್ಯಾಗ ಹೋಗೇ ಇಲ್ಲ ಭಾಯಿ."

"ಹಂಗಾದ್ರ ನೀ ಅಲ್ಲ. ಬರ್ರಿ ಕಾಕಾ, ಇಲ್ಲಿ ನೋಡ್ರಿ."

ನಾನು ಬಗ್ಗಿ ನೋಡಿದೆ. ಉಳಿದ ಕಡೆಯೆಲ್ಲ ಎತ್ತರವಾಗಿದ್ದ ಗಡ್ಡೆಗಳು ಒಂದು ಕಡೆ ಮಾತ್ರ ಉಜ್ಜಿ ಸಪಾಟಾಗಿದ್ದವು. ಒಂದು ಅಂಗೈಯಗಲದಷ್ಟು ಜಾಗ. ಕೆಳಗಿನ ದಾರದ ಪದರು ಇನ್ನೇನು ಕಾಣಬೇಕು ಎನ್ನುವಷ್ಟು ಸವೆದಿತ್ತು.

"ಟೈರು ನೆಲಕ್ಕ ಮುಟ್ಟೂದೇ ಇಷ್ಟು," ಎಂದ ಇಸಾಕ. "ಎಷ್ಟೇ ದೊಡ್ಡ ಗಾಡಿ ಇರಲಿ, ಒಂದು ಟೈರಿಗಿ ಒಂದು ಅಂಗೈ ಜಾಗ. ಗಾಡಿ, ಮಾಲು, ಮನಿಷ್ಯಾ ಎಲ್ಲಾ ನಿಂತಿರೂದು ನಾಕು ಅಂಗೈ ಮ್ಯಾಗ. ಚಕ್ರ ತಿರಗತಿದ್ರ ಸುತ್ತಲೂ ಸಮಾ ಸವೀತದ. ಇದು ತಿರಗಿಲ್ಲ. ಗಾಡಿ ಓಡಲಿಕತ್ತದ, ಚಕ್ರ ನಿಂತದ. ಎರಡೂ ಮುಂದಿನ ಚಕ್ರ, ಒಂದೇ ಸಲ. ಮಾಲು ತುಂಬಿದ ಗಾಡಿ. ಅವಾಗ ಆದದ್ದು."

"ಇದ್ರಿಂದೇ ಏನು ನಡಗೂದು?" ಎಂದಳು ಸೊಸೆ.

"ಮತ್ತಿನ್ಯಾವುದ್ರಿಂದ? ಒಂದೊಂದು ಸುತ್ತಿಗೂ ಈ ಸಪಾಟು ಜಾಗ ನೆಲಕ್ಕ ಬಡೀತದ. ಆದ್ರ ನಾ ಹೇಳೂದು ಬ್ಯಾರೆ." ಅವನು ಎದ್ದು ನಿಂತು ತನ್ನ ಬಲಗಾಲು ನೆಲಕ್ಕೆ ಊರಿ ತೋರಿಸಿದ. "ನಾ ಇಪ್ಪತ್ತೆಂಟು ವರ್ಷ ಟೈರು ನೋಡೀನಿ. ಗಾಡಿ ಜಾರಲಿಕ್ಕ ಶುರು ಆತಂದ್ರ ಎಂಥಾ ಡ್ರೈವರಾದ್ರೂ ಅಂಜಿ ಕಾಲು ಎತ್ತತಾನ. ಎತ್ತಿ ಮತ್ತ ಒತ್ತತಾನ. ಆಗ ಎರಡು ಮೂರು ಕಡೆ ಸಣ್ಣ ಸಣ್ಣ ಸವದ ದಾಗು ಬೀಳ್ತಾವ. ಇಲ್ಲಿ ಒಂದೇ ದಾಗು. ಇಷ್ಟು ರಬ್ಬರ ಹೋಗಬೇಕಾದ್ರ ಗಾಡಿ ನಿಂದ್ರೂ ತನಕ ಈ ಮನಿಷ್ಯಾ ಕಾಲು ಎತ್ತಿಲ್ಲ. ಮೈ ಭಾರ ಎಲ್ಲಾ ಬ್ರೇಕಿನ ಮ್ಯಾಗ ಹಾಕ್ಯಾನ. ಕ್ಲಚ್ ಕೂಡ ಒತ್ತಿರಲಿಕ್ಕಿಲ್ಲ. ಎಂಜಿನ್ ಬಂದ್ ಆಗಿತ್ತೇನು?"

"ಆಗಿತ್ತು," ಎಂದೆ.

"ಆಗಬೇಕು. ಭಾಳ ಗಟ್ಟಿ ಕಾಲು, ಕಾಕಾ. ಯಾರ್ರಿ ಈ ಡ್ರೈವರ?"

ಭಾಗ್ಯಜ್ಯೋತಿ ಹೇಳಿದಳು. ಬಸ್ ನಿಲ್ದಾಣ, ಹೆಂಗಸರು, ಕೂಸುಗಳು, ಎರಡು ಮಾರು ದೂರ. ಜನ ಹೇಳಿದ ಮಾತನ್ನೂ ಹೇಳಿದಳು. ಹೇಳುತ್ತ ಹೇಳುತ್ತ ನೆಲದ ಮೇಲೆ ಕುಳಿತು ಸೆರಗಿನಿಂದ ಆ ಟೈರಿನ ಧೂಳು ಒರೆಸಿದಳು.

ಇಸಾಕನ ಮುಖ ಸಣ್ಣದಾಯಿತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮಾಫ್ ಮಾಡ್ರಿ ಕಾಕಾ. ದೇವರು ನಿಲ್ಲಿಸ್ಯಾನ ಅಂತ ನಂಬಿದ್ರಿ ನೀವು. ನಾ ಬಾಯಿಗಿ ಬಂದಂಗ ಅಂದೆ. ಟೈರು ನೋಡವ, ನನಗೇನ್ ತಿಳೀತದ?"

ಅವನಿಗೆ ತಿಳಿದಿತ್ತು. ಅವನ ಮಾತಿನಲ್ಲಿ ಒಂದೂ ಹುಸಿಯಿರಲಿಲ್ಲ. ನಾನು ಎಡ ಅಂಗೈಯನ್ನು ಆ ಸಪಾಟು ಜಾಗದ ಮೇಲಿಟ್ಟೆ. ಸರಿಯಾಗಿ ಕೂತಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ರಬ್ಬರು ತಣ್ಣಗಿತ್ತು.

ಎದೆಯೊಳಗೆ ಆನೆ ಕಾಲಿಟ್ಟಂತೆ ಇರುತ್ತದಂತೆ ಆ ನೋವು. ಅಂಥ ಹೊತ್ತಿನಲ್ಲಿ ಮನುಷ್ಯ ಎದೆ ಹಿಡಿದುಕೊಳ್ಳುತ್ತಾನೆ, ತಾಯಿಯನ್ನು ಕರೆಯುತ್ತಾನೆ. ನನ್ನ ಮಗನ ಕಣ್ಣಿಗೆ ಎದುರಿಗಿದ್ದವರು ಬಿದ್ದರು. ಹೆಸರು ತಿಳಿಯದ ಇಪ್ಪತ್ತು ಮಂದಿ. ಇದ್ದ ಜೀವವನ್ನೆಲ್ಲ ಬಲಗಾಲಿಗೆ ಇಳಿಸಿದ. ಗಾಡಿ ನಿಂತಿತು, ಆಮೇಲೆ ಅವನು ಒರಗಿದ. ಆ ಮುದುಕಿ ಕೇಳಿದ್ದು ಈ ಟೈರುಗಳ ಚೀರಾಟವೇ. ಎಲ್ಲರೂ ದೇವರ ಕಡೆ ನೋಡುತ್ತಿದ್ದಾಗ ಅವಳು ಕಿವಿಗೆ ಬಿದ್ದಷ್ಟನ್ನೇ ಹೇಳಿದ್ದಳು.

ಹತ್ತು ತಿಂಗಳು ನಾನು ದೇವರಿಗೆ ಕೃತಜ್ಞತೆ ಹೇಳಿದ್ದೆ. ಮಗನಿಗೆ ಒಂದು ಮಾತೂ ಹೇಳಿರಲಿಲ್ಲ.

ದೇವರ ಪವಾಡ ನನ್ನಿಂದ ದೂರವಾಯಿತೇ ಎಂದು ನೋಡಿಕೊಂಡೆ. ದೂರವಾಗಿರಲಿಲ್ಲ. ಬರೀ ಒಂದು ಗಾಡಿಯನ್ನು ತಡೆಯುವುದು ಶಿವನಿಗೆ ಯಾವ ದೊಡ್ಡ ಮಾತು? ಸಾಯುತ್ತಿರುವವನ ಕಾಲಿನಲ್ಲಿ ಅಷ್ಟು ದಯೆ ಇಟ್ಟನಲ್ಲ, ಅದು ನನ್ನ ಬುದ್ಧಿಗೆ ನಿಲುಕಲಿಲ್ಲ. ಈ ಹುಡುಗನನ್ನು ನಾನು ಹೆಗಲ ಮೇಲೆ ಹೊತ್ತಿದ್ದೇನೆ, ಲೆಕ್ಕ ಬಾರದಿದ್ದಾಗ ಕಿವಿ ಹಿಂಡಿದ್ದೇನೆ. ಅವನು ಯಾರೆಂದು ನನಗೆ ಗೊತ್ತಿರಲಿಲ್ಲ.

"ಮಾಫಿ ಬ್ಯಾಡ ಇಸಾಕ," ಎಂದೆ. "ಟೈರು ಬಿಚ್ಚು."

ಭಾಗ್ಯಜ್ಯೋತಿ ತಲೆಯೆತ್ತಿ ನೋಡಿದಳು. "ಮಾಮಾ?"

"ಬಿಚ್ಚಲಿ ಯವ್ವಾ. ಇವು ತಮ್ಮ ಕೆಲಸ ಮಾಡ್ಯಾವ."

ಇಸಾಕ ಒಳಗಿನಿಂದ ಎರಡು ಬಗೆಯ ಟೈರು ಉರುಳಿಸಿಕೊಂಡು ಬಂದು ನಮ್ಮೆದುರು ನಿಲ್ಲಿಸಿದ. ಎರಡೂ ರಸ್ತೆಯ ಟೈರುಗಳೇ. ಗಡ್ಡೆಗಳ ಬದಲು ಉದ್ದುದ್ದ ಗೆರೆಗಳು. ಮಳೆಯ ನೀರು ಆ ಗೆರೆಗಳಿಂದ ಹಿಂದಕ್ಕೆ ಹರಿದು ಹೋಗುತ್ತದೆಯಂತೆ. ಒಂದರ ರಬ್ಬರು ಗಟ್ಟಿ, ಇನ್ನೊಂದರದು ತುಸು ಮೆತ್ತಗೆ.

"ಈ ಗಟ್ಟಿದು ಭಾಳ ದಿನ ಬಾಳ್ತದ ಮಾಮಾ," ಎಂದಳು ಸೊಸೆ. "ಎಲ್ಲಾರೂ ಇದ್ನೇ ಹಾಕಸ್ತಾರ."

ನಾನು ಇಸಾಕನನ್ನು ಕೇಳಿದೆ: "ಬ್ರೇಕ್ ಒತ್ತಿದ್ರ ಯಾವುದು ಲಗೂ ನಿಂದ್ರತದ?"

ಅವನು ಒಂದು ಕ್ಷಣ ನನ್ನ ಮುಖ ನೋಡಿ ಮೆತ್ತನೆಯದರ ಮೇಲೆ ಕೈಯಿಟ್ಟ. "ಇದು. ಅದೂ ಹಸಿ ರಸ್ತ್ಯಾಗ, ಈ ಸಿಮಿಟ್ ಫ್ಯಾಕ್ಟರಿ ಧೂಳಿ ನೆನದು ಕೆಸರಾಗಿರ್ತದಲ್ಲ, ಅಲ್ಲಿ ಇನ್ನೂ ಫರಕ ಗೊತ್ತಾಗ್ತದ. ಆದ್ರ ಲಗೂ ಸವೀತದ. ಅದನ್ನೂ ಹೇಳಬೇಕು ನಾ."

"ಸವೀಲಿ," ಎಂದೆ.

"ಎರಡು ವರ್ಷಕ್ಕ ಮತ್ತ ಹಾಕಿಸಬೇಕಾಗ್ತದ ನೋಡ್ರಿ," ಎಂದಳು ಸೊಸೆ. ಆದರೆ ಆಗಲೇ ಅವಳು ಬಗ್ಗಿ ಆ ಗೆರೆಗಳಲ್ಲಿ ಬೆರಳಾಡಿಸುತ್ತಿದ್ದಳು.

ನಾಲ್ಕೂ ಟೈರು ಕೂಡಿಸುವಾಗ ಇಸಾಕ ಬೇರೆ ಯಾವ ಕೆಲಸವನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ಹಳೆಯ ಮುಂದಿನ ಎರಡನ್ನು ಮಾತ್ರ ಬೇರೆ ಇಟ್ಟ. "ಇವು ಇನ್ಯಾವ ಗಾಡಿಗೂ ಹೋಗಂಗಿಲ್ಲ," ಎಂದ. ಮನೆಗೆ ಒಯ್ಯುತ್ತೀರಾ ಎಂದು ಕೇಳಿದಾಗ ಬೇಡವೆಂದೆ. ಮುಂಜಾನೆ ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ ಮನಸ್ಸು ಯಾವಾಗ ಬಿಟ್ಟಿತ್ತೋ ತಿಳಿಯಲಿಲ್ಲ.

ಹೊರಡುವಾಗ ಅವನು ಕಿಟಕಿಯ ಹತ್ತಿರ ಬಂದ. "ತಂಗೀ, ಆ ಖಾಲಿ ರಸ್ತ್ಯಾಗ ಒಂದ್ಸಲ ಬ್ರೇಕ್ ಹೊಡದು ನೋಡು. ನಿನ್ನ ಕಾಲಿಗಿ ಅಳತಿ ಗೊತ್ತಾಗಲಿ."

ಹಳೆಯ ಖಣಿಗಳ ಪಕ್ಕದ ನೇರ ರಸ್ತೆಯಲ್ಲಿ ಹಿಂದೆ ಮುಂದೆ ಯಾರೂ ಇರಲಿಲ್ಲ. ಭಾಗ್ಯಜ್ಯೋತಿ ನಲವತ್ತು ದಾಟಿಸಿದಳು, ಐವತ್ತಕ್ಕೆ ತಂದಳು. ಗಾಡಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು.

"ಗಟ್ಟಿ ಕುಂದರ್ರಿ ಮಾಮಾ."

ಒತ್ತಿದಳು. ನನ್ನ ಮೈ ಮುಂದಕ್ಕೆ ಹೋಗಿ ಬೆಲ್ಟಿಗೆ ತಗುಲಿ ನಿಂತಿತು. ಗಾಡಿ ಅತ್ತಿತ್ತ ಹೊರಳದೆ, ಇದ್ದ ಗೆರೆಯಲ್ಲೇ ನಿಂತುಬಿಟ್ಟಿತು. ಸುತ್ತ ಬಿಳಿ ಕಲ್ಲಿನ ಧೂಳು ಎದ್ದು ನಿಧಾನವಾಗಿ ಇಳಿಯಿತು. ನನ್ನ ಬಲಗಾಲು ನನಗೆ ತಿಳಿಯದಂತೆ ಕೆಳಗಿನ ತಗಡಿಗೆ ಊರಿಕೊಂಡಿತ್ತು, ತೊಡೆ ನಡುಗುತ್ತಿತ್ತು. ಉಸಿರಿದ್ದವರಿಗೇ ಇಷ್ಟು ಬಲ ಬೇಕಾದರೆ, ಉಸಿರು ಹೋಗುತ್ತಿದ್ದವನಿಗೆ ಎಷ್ಟು ಬೇಕಾಗಿತ್ತೋ.

"ಅಂಜಿದ್ರೇನ್ರಿ?" ಎಂದಳು ಸೊಸೆ.

"ಇಲ್ಲ ಯವ್ವಾ," ಎಂದೆ. "ಇನ್ನೊಮ್ಮೆ ಒತ್ತು."