ನಿಂತ ಮಗ್ಗ, ಕೇಳುವ ಕಿವಿ

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಲೌಡ್‌ಸ್ಪೀಕರ್ ಹಾಕಿಸಿದವರು ಎಣ್ಣೆ ಗಿರಣಿಯ ಅಂದಾನಪ್ಪ ಸಾವಕಾರರು. ಅದಕ್ಕೆ ಕಾರಣ ಜಪಾನಿನಿಂದ ಬಂದ ಒಂದು ಕಾಗದ. ಯುದ್ಧಕ್ಕೆ ಮೊದಲು ಗದಗಿನ ಅರಳೆ ಪೇಟೆಯಲ್ಲಿ ಒಬ್ಬ ಜಪಾನಿ ಗುಮಾಸ್ತನಿದ್ದ. ಸಾವಕಾರರ ಮನೆಯ ಕೆಂಪು ಮೆಣಸಿನಕಾಯಿ ರಂಜಕ ನಾಲಿಗೆಗೆ ಹಚ್ಚಿಕೊಂಡು ಕಣ್ಣೀರಿಟ್ಟವನು. ಆ ಪುಣ್ಯಾತ್ಮ ಹದಿನೈದು ವರ್ಷದ ಮೇಲೆ ನೆನಪಿಟ್ಟು ಬರೆದಿದ್ದ: ನಮ್ಮೂರಿನ ವ್ಯಾಪಾರಸ್ಥರೆಲ್ಲ ಶೇರು ಕೂಡಿಸಿ ಗುಡ್ಡದ ಮೇಲೆ ಕಬ್ಬಿಣದ ಗೋಪುರ ಎಬ್ಬಿಸಿದ್ದೇವೆ. ಈಗ ಮಾತು, ಹಾಡು ಬರುತ್ತವೆ. ಬರುವ ವರ್ಷಗಳಲ್ಲಿ ಪೆಟ್ಟಿಗೆಯೊಳಗೆ ಚಿತ್ರವೂ ಬರುತ್ತದೆ. ಇದು ಸರಕಾರದ್ದಲ್ಲ, ಅಂಗಡಿಕಾರರದು. ಹಾಡಿನ ನಡುವೆ ಸಾಬೂನಿನ ಹೆಸರು ಹೇಳುತ್ತೇವೆ, ಸಾಬೂನಿನವರು ಖರ್ಚು ಕೊಡುತ್ತಾರೆ. ಜನ ಕೇಳುತ್ತಾರೋ ಇಲ್ಲವೋ ತಿಳಿಯಲು ಮನೆಮನೆಗೆ ಆಳು ಕಳಿಸುತ್ತೇವೆ.

ಹೈಸ್ಕೂಲಿನ ಮಾಸ್ತರರು ಇದನ್ನು ಓದಿ ಹೇಳಿ ಮುಗಿಸುವಷ್ಟರಲ್ಲಿ ಸಾವಕಾರರು ಎದ್ದು ನಿಂತಿದ್ದರು.

"ಗೋಪುರ ಆಮ್ಯಾಲೆ ನೋಡೂಣು. ಮೊದಲ ಕಂಬ ಹುಗಸ್ರಿ."

ಹೀಗೆ ಏಳು ಓಣಿಗೆ ಏಳು ಕಂಬ ಬಂದವು, ಕಂಬಕ್ಕೊಂದು ಸ್ಪೀಕರ್ ಬಂತು. ಗಿರಣಿಯ ಅಟ್ಟದ ಕೋಣೆಗೆ ಶೇಂಗಾ ಚೀಲಗಳನ್ನೇ ಗೋಡೆಯಂತೆ ಒಟ್ಟಿ, ನಡುವೆ ಮೈಕು ಇಟ್ಟು, ಬಾಗಿಲಿಗೆ 'ಗದಗ-ಬೆಟಗೇರಿ ವ್ಯಾಪಾರಿ ಪ್ರಸಾರ ಮಂಡಳಿ' ಎಂದು ಬರೆಸಿದರು. ಬೆಳಿಗ್ಗೆ ಭಜನೆಯ ಗ್ರಾಮಫೋನ್ ಪ್ಲೇಟು, ಹತ್ತಕ್ಕೆ ಲಕ್ಷ್ಮೇಶ್ವರ, ಮುಂಡರಗಿ ಪೇಟೆಗಳ ಶೇಂಗಾ ಧಾರಣೆ, ಹನ್ನೆರಡಕ್ಕೆ ಸಾವಕಾರರದೇ ಭಾಷಣ, ಮಧ್ಯಾಹ್ನ ಮೂರಕ್ಕೆ ಹೆಣ್ಣುಮಕ್ಕಳಿಗಾಗಿ 'ಅಕ್ಕನ ಮಾತು'. ಮುಂದಿನ ವರ್ಷ ಶಿರಹಟ್ಟಿಗೂ ತಂತಿ ಎಳೆಯುವುದಾಗಿ ಸಾವಕಾರರು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ಶಿರಹಟ್ಟಿಯವರು ಮಾತ್ರ ಕೇಳಿರಲಿಲ್ಲ.

'ಅಕ್ಕನ ಮಾತು' ಹೇಳುತ್ತಿದ್ದವಳು ದ್ರಾಕ್ಷಾಯಣಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ನೇಕಾರ ವಿಠೋಬನ ಹೆಂಡತಿ. ಹುಟ್ಟಿದ್ದೂ ಮಗ್ಗದ ಮನೆಯಲ್ಲಿ, ಸೇರಿದ್ದೂ ಮಗ್ಗದ ಮನೆಯನ್ನೇ. ಲಾಳಿ ಓಡುವ ಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಿಯೇ ಹೇಳಬೇಕು. ಇಪ್ಪತ್ತಾರು ವರ್ಷ ಕೂಗಿದ ಆ ಗಂಟಲು ಶೇಂಗಾ ಚೀಲಗಳ ನಡುವೆ ಕೂತಾಗ ಮೊದಲ ಸಲ ಮೆಲ್ಲಗೆ ಮಾತಾಡಿತು. ಮೆಲ್ಲಗೆ ಆಡಿದ ಮಾತು ಏಳು ಓಣಿಗೆ ಹೋಗುತ್ತದೆ ಎಂಬುದನ್ನು ಅವಳಿಗೆ ನಂಬಲಾಗುತ್ತಿರಲಿಲ್ಲ. ಕೂಸಿನ ನೆಗಡಿಗೆ ಕಷಾಯ, ಕೆಟ್ಟ ಕಡಲೆಹಿಟ್ಟನ್ನು ಗುರುತಿಸುವ ಬಗೆ ಎಲ್ಲ ಹೇಳಿ, ಕೊನೆಗೆ 'ಕುಂತಲಶೋಭಾ' ತಲೆಎಣ್ಣೆಯ ಹೆಸರು ಹೇಳುವಳು. ಆ ಕಾಲುತಾಸಿಗಾಗಿ ಅವಳು ದಿನದ ಉಳಿದ ಹೊತ್ತನ್ನೆಲ್ಲ ಸಹಿಸುತ್ತಿದ್ದಳು.

ತೊಂದರೆ ಬಂದದ್ದು ಎಣಿಕೆಯಲ್ಲಿ. ಕೇಳುವವರನ್ನು ಎಣಿಸಲು ನೇಮಕವಾದ ಫಕ್ಕೀರಪ್ಪ, ಗಿರಣಿಯ ಹಳೆಯ ಸಿಪಾಯಿ, ಮೊದಲ ದಿನ ಒಂದು ಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ.

"ಅವ್ವಾರ, ಸ್ಪೀಕರ್ನ್ಯಾಗ ಹೇಳೂದು ಕೇಳಾಕತ್ತೀರೇನ್ರಿ?"

"ಏನಂದಿ?"

"ಕೇಳಾಕತ್ತೀರೇನು ಅಂದೆ."

"ಮಗ್ಗದ ಸಪ್ಪಳ ಐತೋ ಯಪ್ಪಾ, ಹೊರಗ ಹೋಗಿ ಹೇಳು."

ಹೀಗೆ ಏಳು ಓಣಿ ತಿರುಗಿ ಗಂಟಲು ಹರಿದುಕೊಂಡ ಮೇಲೆ ಫಕ್ಕೀರಪ್ಪ ತನ್ನದೇ ಒಂದು ಶಾಸ್ತ್ರ ಕಂಡುಹಿಡಿದ. ಮಗ್ಗ ನಡೆದಿದ್ದರೆ ಆ ಮನೆಯವರು ಕೇಳುತ್ತಿಲ್ಲ, ನಿಂತಿದ್ದರೆ ಕೇಳುತ್ತಿದ್ದಾರೆ. ಯಾರನ್ನೂ ಮಾತಾಡಿಸುವ ಕೆಲಸವಿಲ್ಲ. ಸಾವಕಾರರು ಮೆಚ್ಚಿದರು, ಜಪಾನಿನವರಿಗೂ ಇದು ಹೊಳೆದಿಲ್ಲ ಎಂದರು. ಇನ್ನೂರು ಮಗ್ಗದಲ್ಲಿ 'ಅಕ್ಕನ ಮಾತಿ'ಗೆ ನಿಂತವು ಒಂಬತ್ತು. ಆ ಮಗ್ಗದವರಲ್ಲಿ ನಾಲ್ವರು ಚಹಾ ಕುಡಿಯಲು ಹೋಗಿದ್ದರು.

ಸಾವಕಾರರು ದ್ರಾಕ್ಷಾಯಣಿಯನ್ನು ಕರೆಸಿದರು. "ಒಂಬತ್ತ ಮಂದಿಗೆ ಕಂಬ ಯಾಕ ತಂಗಿ, ಕರದು ಹೇಳಿದ್ರ ಆತು. ದೀಪಾವಳಿತನಕ ನೋಡ್ತೀನಿ. ನೂರ ಮಗ್ಗ ನಿಂದ್ರಲಿಲ್ಲಂದ್ರ ಆ ಹೊತ್ತಿಗೆ ಭಜನಿ ಪ್ಲೇಟ ಹಚ್ಚತೀನಿ."

ಅವಳು ಮನೆಗೆ ಬಂದು ಗಂಡನ ಮುಂದೆ ಕೂತಳು. "ದಿನಾ ಕಾಲತಾಸ ಮಗ್ಗ ನಿಂದ್ರಸ್ರಿ ಅಂತ ನಿಮ್ಮ ದೋಸ್ತರಿಗೆ ಒಂದ ಮಾತ ಹೇಳ್ರಿ."

ವಿಠೋಬಾ ಮಗ್ಗದ ಕುಣಿಯೊಳಗಿಂದಲೇ ಕೂಗಿದ. "ಬೆಟಗೇರಿ ಸೀರಿ ಛಲೋ ಅದಾವಂತ ಮೊನ್ನೆ ನೀನ ಹೇಳಿದ್ಯಲ್ಲ. ಅದನ್ನ ಕೇಳಾಕ ನಾವ್ ಸೀರಿ ನೇಯೂದ ಬಿಡಬೇಕೇನ?"

ಅತ್ತೆ ಚಂದ್ರವ್ವ ಲಾಳಿಯ ಕಂಡಕಿಗೆ ನೂಲು ಸುತ್ತುತ್ತ ಅಂದಳು, "ನಿನ್ನ ಮಾತ ಮನ್ಯಾಗ ಪುಕ್ಕಟ ಸಿಗತೈತಿ. ಅದಕ್ಕೂ ಮಂದಿ ಕೆಲಸಾ ಬಿಡಬೇಕಂತ."

ಅದು ಐವತ್ತಾರನೆಯ ಇಸವಿಯ ಅಕ್ಟೋಬರ್. ನವೆಂಬರ್ ಒಂದಕ್ಕೆ ಕನ್ನಡ ನಾಡು ಒಂದಾಗುವುದೆಂದು ಊರೆಲ್ಲ ತೋರಣದ ಮಾತು. ಆದರೆ ನೇಕಾರರ ಸೊಸೈಟಿಗೆ ನೂಲು ಬರಬೇಕಾದರೆ ಪರವಾನಗಿ ಬೇಕು. ಹಳೆಯ ರಾಜ್ಯದ ಕಚೇರಿಯವರು, ನೀವಿನ್ನು ನಮ್ಮವರಲ್ಲ, ಅತ್ತ ಕೇಳಿರಿ ಎಂದು ಬರೆದರು. ಹೊಸ ರಾಜ್ಯದ ಕಚೇರಿಯವರು, ನಾವಿನ್ನೂ ಹುಟ್ಟಿಲ್ಲ, ಒಂದನೇ ತಾರೀಖಿನ ಮೇಲೆ ಬರ್ರಿ ಎಂದರು. ಒಂದಾಗುವ ಸಂಭ್ರಮದಲ್ಲಿ ನೇಕಾರರು ಯಾರಿಗೂ ಸೇರದವರಾದರು. ನೂಲು ಮುಗಿದ ಹಾಗೆ ಒಂದೊಂದೇ ಮಗ್ಗ ನಿಂತಿತು.

ಫಕ್ಕೀರಪ್ಪ ಮಾತ್ರ ತನ್ನ ಶಾಸ್ತ್ರ ಬಿಡಲಿಲ್ಲ. ಮೂವತ್ತೊಂದು ಎಂದು ಬರೆದ. ನಾಲ್ಕು ದಿನ ಬಿಟ್ಟು ಎಂಬತ್ತೆಂಟು. ಆಮೇಲೆ ನೂರಾ ಅರವತ್ನಾಲ್ಕು. ಸಾವಕಾರರು ದ್ರಾಕ್ಷಾಯಣಿಗೆ ಮಾಲೆ ಹಾಕಿಸಿ, ತಲೆಎಣ್ಣೆ ಕಂಪನಿಗೆ ತಂತಿ ಕೊಟ್ಟರು. ವರ್ಷದ ಕರಾರು ಮಾಡಲು ಇಪ್ಪತ್ತೊಂಬತ್ತಕ್ಕೆ ಹುಬ್ಬಳ್ಳಿಯಿಂದ ಕಂಪನಿಯ ಏಜೆಂಟ ಅಲ್ಲಾಉದ್ದೀನ ಸಾಹೇಬರು ಬಂದು ಕಣ್ಣಾರೆ ನೋಡುವುದೆಂದು ನಿಶ್ಚಯವಾಯಿತು.

ನೂಲಿಲ್ಲದ್ದು ದ್ರಾಕ್ಷಾಯಣಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಜನ್ಮದಲ್ಲಿ ಮೊದಲ ಸಲ ಯಾರೋ ತನ್ನ ಮಾತು ಕೇಳುತ್ತಿದ್ದಾರೆಂದು ಬರೆದ ಕಾಗದ ಕೈಯಲ್ಲಿದ್ದಾಗ ಮನಸ್ಸು ನೂಲನ್ನು ಪಕ್ಕಕ್ಕೆ ಸರಿಸುತ್ತದೆ. ಓಣಿಗೆ ಓಣಿಯೇ ನಿಂತು ಕೇಳುವಾಗ ಗಂಡನ ಮಗ್ಗವೊಂದೇ ಹಟದಿಂದ ಬಡಿದುಕೊಳ್ಳುತ್ತಿದೆ ಎಂದು ಅವಳಿಗೆ ಸಿಟ್ಟೂ ಬಂದಿತ್ತು. ಇಪ್ಪತ್ತೆಂಟರ ಸಂಜೆ ಬಂದು ನೋಡಿದರೆ ಆ ಮಗ್ಗವೂ ನಿಂತಿತ್ತು. ವಿಠೋಬಾ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದ.

"ಇವತ್ತ ನನ್ನ ಮಾತ ಕೇಳಿದ್ರಿ?"

"ಕೇಳಿದೆ. ನೂಲ ತೀರಿತು, ಮತ್ತೇನ ಮಾಡ್ಲಿ."

"ಹೆಂಗಿತ್ತು?"

"ಛಲೋ ಇತ್ತು. ತೆಲಿಗೆ ಎಣ್ಣಿ ಹಚ್ಚೂದು ಹೇಳಿದಿ. ಮನ್ಯಾಗ ಒಗ್ಗರಣಿಗೆ ಎಣ್ಣಿ ಇಲ್ಲ."

ಅವನು ಕೆಣಕಲು ಹೇಳಿದ್ದಲ್ಲ. ಅವಳು ಒಳಗೆ ಹೋಗಿ ಎಣ್ಣೆಯ ಡಬ್ಬಿ ಬಗ್ಗಿಸಿ ನೋಡಿದಳು.

ಮರುದಿನ ಮಧ್ಯಾಹ್ನ ಅವಳು ಅಟ್ಟ ಹತ್ತುವಾಗ ಗೋದಾಮಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಚೀಲಗಳ ಹಿಂದೆ ಸೊಸೈಟಿಯ ಸಿಕ್ಕಾ ಹೊತ್ತ ನೂಲಿನ ಗಂಟುಗಳು, ಎಣಿಸಿದರೆ ಮೂವತ್ತು. ಸೊಸೈಟಿಯ ಅಧ್ಯಕ್ಷರೂ ಅಂದಾನಪ್ಪ ಸಾವಕಾರರೇ. ಲಾಳಿಯ ಯಾವ ತುದಿ ಮುಂದೆ ಹೋಗುತ್ತದೆಂದು ತಿಳಿಯದಿದ್ದರೂ ಅಧ್ಯಕ್ಷರಿಗೆ ಕುರ್ಚಿ ಇರಬೇಕಲ್ಲ, ಊರಲ್ಲಿ ಕುರ್ಚಿ ಇದ್ದದ್ದು ಅವರ ಮನೆಯಲ್ಲಿ.

"ಯಾವಾಗ ಬಂತ್ರಿ ಇದು?" ಎಂದಳು, ಹಿಂದೆ ಬಂದು ನಿಂತ ಸಾವಕಾರರ ಕಡೆ ತಿರುಗಿ.

"ಮೊನ್ನೆ." ಸಾವಕಾರರು ಮರೆಮಾಚಲಿಲ್ಲ. "ಯಾವನೋ ಪುಣ್ಯಾತ್ಮ ಸಹಿ ಮಾಡಿ ಕಳಿಸ್ಯಾನ. ಸಾಹೇಬ್ರು ನೋಡಿ ಹೋಗ್ಲಿ, ನಾಳೆ ಹಂಚಿದ್ರಾತು. ಹದಿನೈದ ದಿನಾ ತಡದವರಿಗೆ ಒಂದ ದಿನಾ ಹೆಚ್ಚಲ್ಲ. ಯಾರ ಸಲುವಾಗಿ ಮಾಡೇನಂತಿ? ಇವತ್ತ ಮಗ್ಗ ಶುರುವಾದ್ರ ನಿನ್ನ ಮಾತ ಇವತ್ತಿಗೇ ಮುಗೀತು, ತಂಗಿ."

ಮೂರು ಬಡಿಯಿತು. ಕೆಳಗೆ ಓಣಿಯ ಬಾಯಲ್ಲಿ ಅಲ್ಲಾಉದ್ದೀನ ಸಾಹೇಬರು ಕೈಗಡಿಯಾರ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಫಕ್ಕೀರಪ್ಪ, ಬರೆಯುವ ಕೆಲಸವೇ ಉಳಿಯದ ಹಾಗೆ ಮೊದಲೇ ಇನ್ನೂರು ಎಂದು ಬರೆದುಕೊಂಡು. ದ್ರಾಕ್ಷಾಯಣಿ ಮೈಕಿನ ಮುಂದೆ ಕೂತಳು. ಕಿಟಕಿಯಿಂದ ಒಂದು ಲಾಳಿಯ ಸದ್ದೂ ಬರಲಿಲ್ಲ. ಇಡೀ ಬೆಟಗೇರಿ ಅವಳ ಮಾತಿಗೆ ಖಾಲಿ ಮಾಡಿಟ್ಟ ಮನೆಯಂತಿತ್ತು. ಅಂಥ ಕಾಲುತಾಸು ತನಗೆ ಮತ್ತೆ ಸಿಗದು ಎಂದು ಅವಳಿಗೆ ಗೊತ್ತಿತ್ತು.

"ಅಕ್ಕಗೋಳ್ರ್ಯಾ," ಅಂದಳು ಮೆಲ್ಲಗೆ, "ನೂಲ ಬಂದೈತಿ. ಗಿರಣಿ ಗೋದಾಮಿನ್ಯಾಗ ಮೂವತ್ತ ಗಂಟ ಅದಾವು, ನಾನ ನೋಡೀನಿ. ಸೊಸೈಟಿ ಕಾರ್ಡ ತಗೊಂಡ ಬರ್ರಿ. ಗಂಡಸರು ಮಲಗಿದ್ರ ಎಬ್ಬಸ್ರಿ."

ತಲೆಎಣ್ಣೆಯ ಹೆಸರು ಹೇಳಲು ಅವಳು ಮರೆಯಲಿಲ್ಲ. ಆದರೆ ಅಷ್ಟರಲ್ಲಿ ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. ಕೆರ ಮೆಟ್ಟಿಕೊಳ್ಳದವರು, ಅರ್ಧ ಚಹಾಕ್ಕೆ ಎದ್ದವರು, ಮುದುಕಿಯರು, ಎಲ್ಲ ಗಿರಣಿಯ ಕಡೆ ಓಡಿದರು. ಸಾಹೇಬರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮಂದಿ ಅಂಗಳ ತುಂಬುವಷ್ಟರಲ್ಲಿ ಅಂದಾನಪ್ಪ ಸಾವಕಾರರು ಚೀಲದ ಮೇಲೆ ಹತ್ತಿ ನಿಂತು, "ಗದ್ಲ ಮಾಡಬ್ಯಾಡ್ರಿ, ನಾನ ಹೇಳ್ರಿ ಅಂದಿದ್ದೆ," ಎನ್ನುತ್ತ ಗಂಟು ಬಿಚ್ಚಿಸತೊಡಗಿದ್ದರು. ಕೊನೆಯ ಕಾರ್ಡಿನವನು ಹೋದ ಮೇಲೆ ಅವಳ ಕಡೆ ನೋಡದೆ ಅಂದರು, "ನಾಳಿಂದ ನೀ ಬರಬ್ಯಾಡ."

ಒಂದನೇ ತಾರೀಖಿಗೆ ನಾಡು ಒಂದಾಯಿತು. ಏಳು ಸ್ಪೀಕರುಗಳೂ ಇಡೀ ದಿನ ಹಾಡಿದವಂತೆ. ಮಗ್ಗದ ಓಣಿಯಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ದೀಪಾವಳಿಯ ಪಾಡ್ಯ ಕಳೆದ ಮೇಲೆ ಸಾವಕಾರರೇ ವಿಠೋಬನ ಮನೆಗೆ ಬಂದರು. ಕೈಯಲ್ಲಿ ಹುಬ್ಬಳ್ಳಿಯ ಕಾಗದ.

"ಸಾಹೇಬ್ರು ಬರದಾರ," ಎಂದು ಹೊಸ್ತಿಲಿಂದ ಕೂಗಿದರು.

"ಜೋರ ಹೇಳ್ರಿ ಸಾವಕಾರ್ರ," ಅಂದಳು ಚಂದ್ರವ್ವ.

"ಹನ್ನೆರಡ ವರ್ಷ ಎಣ್ಣಿ ಮಾರೀನಿ, ಒಂದ ಮಾತಿಗೆ ಓಣಿಗೆ ಓಣಿ ಓಡಿದ್ದು ಎಲ್ಲೂ ನೋಡಿಲ್ಲ ಅಂತ ಬರದಾರ. ಆ ತಂಗಿ ಇದ್ರ ಕರಾರು, ಇಲ್ಲಂದ್ರ ಇಲ್ಲಂತ. ವಿಠೋಬಾ, ಒಂದ ಗಳಗಿ ಮಗ್ಗ ನಿಂದ್ರಸಪಾ."

"ನಿಂದ್ರಸಿದ್ರ ಫಕ್ಕೀರಪ್ಪ ಬರಕೊಂತಾನ್ರಿ," ಎಂದ ವಿಠೋಬಾ, ಲಾಳಿ ಎಸೆಯುತ್ತ.

ದ್ರಾಕ್ಷಾಯಣಿ ಎದ್ದು ಬಂದು ಸಾವಕಾರರ ಹತ್ತಿರ ನಿಂತಳು. ದನಿ ಏರಿಸಲಿಲ್ಲ. ಸಾವಕಾರರು ಕಿವಿಗೆ ಕೈ ಹಚ್ಚಿ ಬಾಗಿದರು.

"ಬರ್ತೀನ್ರಿ. ಆದ್ರ ಮೂರಕ್ಕ ಅಲ್ಲ. ಹನ್ನೆರಡಕ್ಕ ಎಲ್ಲಾರೂ ಉಣ್ಣಾಕ ಏಳ್ತಾರ, ಮಗ್ಗ ತಾವ ನಿಂದರ್ತಾವು. ಆವಾಗ ನಾ ಮಾತಾಡ್ತೀನಿ. ಮೊದಲ ನೂಲಿನ ಖಬರ, ಆಮ್ಯಾಲೆ ಎಣ್ಣಿ."

"ಹನ್ನೆರಡಕ್ಕ ನನ್ನ ಭಾಷಣ ಇರತೈತಲ್ಲ."

"ಅದನ್ನ ಮೂರಕ್ಕ ಇಟಗೋರಿ."

ಸಾವಕಾರರು ಕಾಗದ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮಗ್ಗ ಬಡಿಯುತ್ತಲೇ ಇತ್ತು.

"ಮೂರಕ್ಕ ಯಾರ ಕೇಳ್ತಾರ, ತಂಗಿ," ಅಂದರು ಕೊನೆಗೆ, ಕರಾರಿನ ಕಾಗದವನ್ನು ಅವಳ ಕೈಗಿಡುತ್ತ.